ಗಣಕಯಂತ್ರದ ವೇಗವೂ ಮನೆಯವರ ವಿವೇಕವೂ

ಇರುವ ವಸ್ತುವಿನಿಂದಲೇ ಹೆಚ್ಚು ಕೆಲಸವನ್ನು ತೆಗೆಯಬೇಕೆಂಬುದು ಗೃಹಸ್ಥರೆಲ್ಲರ ಸಹಜವಾದ ಆಸೆ. ಹಳೆಯ ಸೀರೆಯು ಕೌದಿಯಾಗುವುದೂ, ಮಿಕ್ಕ ಅನ್ನವು ಚಿತ್ರಾನ್ನವಾಗುವುದೂ ಈ ಆಸೆಯ ಫಲವೇ. ಇದೇ ಆಸೆಯು ಈಗ ಗಣಕಯಂತ್ರದ ಮೇಜಿನ ಬಳಿಗೂ ಬಂದಿದೆ. ಆ ಯಂತ್ರದಲ್ಲಿ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರನ್ನು, ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತಲೂ ಹೆಚ್ಚಿನ ವೇಗದಲ್ಲಿ ನಡೆಯಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಾಲೇಜಿನಲ್ಲಿ ಓದುವ ಮಕ್ಕಳು ಈ ಮಾತನ್ನಾಡುವುದನ್ನು ಹಿರಿಯರು ಕೇಳಿರಬಹುದು. ಕೆಲವರು ಅಂಜಿಕೊಂಡು ‘ಕೂಡದು’ ಎನ್ನುವರು. ಕೆಲವರು ಏನೆಂದರಿಯದೆ ‘ಆಗಲಿ’ ಎನ್ನುವರು. ಈ ಎರಡರಲ್ಲಿ ಯಾವುದನ್ನು ಹೇಳುವುದಕ್ಕೂ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಮೇಲೆಂದು ನಾವು ಭಾವಿಸುತ್ತೇವೆ.

ಇದು ಹುಡುಗರ ಆಟವೆಂದು ತಳ್ಳಿಹಾಕುವಂತಿಲ್ಲ. ಮನೆಯ ಜಮಾಖರ್ಚು, ಮದುವೆಯ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿಮುದ್ರಣ, ಮಕ್ಕಳ ಪ್ರಬಂಧಗಳು ಎಲ್ಲವೂ ಈಗ ಆ ಪೆಟ್ಟಿಗೆಯೊಳಗಿವೆ. ಪ್ರೊಸೆಸರು ಕೆಟ್ಟರೆ ಹಣ ಕೊಟ್ಟು ಬೇರೊಂದನ್ನು ತರಬಹುದು. ಆದರೆ ಕೆಡದೆ, ನಿಲ್ಲದೆ, ಒಳಗೊಳಗೇ ತಪ್ಪು ಲೆಕ್ಕ ಮಾಡುತ್ತ ಈ ಕಡತಗಳನ್ನು ಹಾಳುಮಾಡಿದರೆ ಅವನ್ನು ಯಾವ ಅಂಗಡಿಯಿಂದ ತರುವುದು? ವೇಗವನ್ನು ಏರಿಸುವವನು ಮೊದಲು ನೆನಪಿನಲ್ಲಿಡತಕ್ಕದ್ದು ಈ ಪ್ರಶ್ನೆಯನ್ನು.

ಯಂತ್ರದ ತಾಳ

ಪ್ರೊಸೆಸರೆಂಬುದು ಸಿಲಿಕಾನಿನ ಒಂದು ಸಣ್ಣ ಬಿಲ್ಲೆ. ಅದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳೆಂಬ ಸೂಕ್ಷ್ಮವಾದ ಸ್ವಿಚ್ಚುಗಳಿವೆ. ಇವೆಲ್ಲವೂ ತಮ್ಮ ಇಷ್ಟದಂತೆ ನಡೆಯದೆ ಒಂದೇ ತಾಳಕ್ಕೆ ಹೆಜ್ಜೆಯಿಡುತ್ತವೆ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಪ್ರತಿಯೊಂದೂ ತನ್ನ ಪಾಲಿನ ಕೆಲಸವನ್ನು ಮುಗಿಸಿರಬೇಕು. ಮದರ್‌ಬೋರ್ಡು ಒದಗಿಸುವ ಮೂಲತಾಳಕ್ಕೆ ಬೇಸ್ ಕ್ಲಾಕ್ ಎಂದು ಹೆಸರು. ಈಗಿನ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ೧೦೦ ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ ಹತ್ತು ಕೋಟಿ ಪೆಟ್ಟು. ಪ್ರೊಸೆಸರು ಇದನ್ನು ತನ್ನ ಗುಣಕದಿಂದ ಗುಣಿಸಿಕೊಳ್ಳುತ್ತದೆ. ಗುಣಕವು ೪೫ ಆದರೆ ವೇಗವು ೪೫೦೦ ಮೆಗಾಹರ್ಟ್ಸ್, ಎಂದರೆ ೪.೫ ಗಿಗಾಹರ್ಟ್ಸ್ ಆಗುವುದು.

ಸಂಗೀತವನ್ನು ಬಲ್ಲ ವಾಚಕರಿಗೆ ಇದು ಸುಲಭವಾಗಿ ತಿಳಿಯುವುದು. ವರ್ಣವೊಂದನ್ನು ಮೊದಲನೆಯ ಕಾಲದಲ್ಲಿ ಹಾಡಿದವನು ಎರಡನೆಯ ಕಾಲಕ್ಕೆ ಏರಿಸಿದಾಗ ಸ್ವರಗಳು ಅಷ್ಟೇ ಸ್ಫುಟವಾಗಿ ಕೇಳಿಸಬೇಕಾದರೆ ಉಸಿರಿನಲ್ಲಿ ಬಲವಿರಬೇಕು. ಬಲವಿಲ್ಲದಿದ್ದರೆ ಸ್ವರಗಳು ನುಂಗಿಹೋಗುವುವು. ಪ್ರೊಸೆಸರಿನ ಉಸಿರೆಂದರೆ ವಿದ್ಯುತ್ತಿನ ಒತ್ತಡ, ಅಥವಾ ವೋಲ್ಟೇಜು. ತಾಳವು ಚುರುಕಾದಂತೆ ಸ್ವಿಚ್ಚುಗಳು ಬೇಗನೆ ತಿರುಗಬೇಕು. ಬೇಗನೆ ತಿರುಗಲು ಹೆಚ್ಚು ಒತ್ತಡ ಬೇಕು. ಒತ್ತಡ ಹೆಚ್ಚಿದಂತೆ ಶಾಖವೂ ಹೆಚ್ಚುವುದು. ಓವರ್‌ಕ್ಲಾಕಿಂಗಿನ ಶಾಸ್ತ್ರವೆಲ್ಲವೂ ವೇಗ, ಒತ್ತಡ, ಶಾಖ ಎಂಬ ಈ ಮೂರರ ಸಂಬಂಧದಲ್ಲಿ ಅಡಗಿದೆ.

ಹಾಗಾದರೆ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನದು ಸಾಧ್ಯವಾಗುವುದೇಕೆ? ಒಂದೇ ಕಾರ್ಖಾನೆಯಿಂದ ಬಂದ ಬಿಲ್ಲೆಗಳೆಲ್ಲವೂ ಸಮನಾಗಿರುವುದಿಲ್ಲ. ಒಂದು ಹೆಸರಿನಲ್ಲಿ ಮಾರುವ ಬಿಲ್ಲೆಗಳಲ್ಲಿ ದುರ್ಬಲವಾದುದು ಕೂಡ ಬೇಸಗೆಯ ಸೆಕೆಯಲ್ಲಿ, ವರ್ಷಗಳು ಕಳೆದ ಮೇಲೂ, ತಪ್ಪಿಲ್ಲದೆ ನಡೆಯುವಂತೆ ತಯಾರಕರು ವೇಗವನ್ನು ನಿರ್ಣಯಿಸಿ ಸ್ವಲ್ಪ ಮೀಸಲನ್ನು ಉಳಿಸಿರುತ್ತಾರೆ. ಬಲಿಷ್ಠವಾದ ಬಿಲ್ಲೆಯು ಕೈಗೆ ಬಂದವನಿಗೆ ಆ ಮೀಸಲು ದೊರೆಯುವುದು. ಬಳಕೆದಾರರು ಇದನ್ನು ಸಿಲಿಕಾನ್ ಲಾಟರಿಯೆಂದು ಕರೆಯುವುದುಂಟು.

೧೯೯೮ರ ಪ್ರಸಂಗ

ಈ ಹವ್ಯಾಸಕ್ಕೆ ಹೆಸರು ತಂದ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ೧೯೯೮ನೆಯ ಇಸವಿಯಲ್ಲಿ ಇಂಟೆಲ್ ಸಂಸ್ಥೆಯವರು ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದರು. ಅದರ ಮೂಲತಾಳ ೬೬ ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ, ವೇಗ ೩೦೦. ಗುಣಕವನ್ನು ಬದಲಿಸದಂತೆ ತಯಾರಕರು ಬೀಗ ಹಾಕಿದ್ದರು. ಆದರೆ ಮೂಲತಾಳಕ್ಕೆ ಬೀಗವಿರಲಿಲ್ಲ. ಮದರ್‌ಬೋರ್ಡಿನಲ್ಲಿ ಮೂಲತಾಳವನ್ನು ೧೦೦ಕ್ಕೆ ಏರಿಸಿದೊಡನೆ ಅದೇ ಬಿಲ್ಲೆಯು ೪೫೦ ಮೆಗಾಹರ್ಟ್ಸ್ ವೇಗದಲ್ಲಿ ನಡೆಯಿತು. ಅದೇ ವರ್ಷದ ದುಬಾರಿಯಾದ ಪೆಂಟಿಯಂ ೨ರ ವೇಗವೂ ೪೫೦ ಆಗಿದ್ದಿತು! ಅದುವರೆಗೆ ಇಂಥ ಬದಲಾವಣೆಗೆ ಬೋರ್ಡಿನ ಮೇಲಣ ಚಿಕ್ಕ ಜಂಪರುಗಳನ್ನು ಕಿತ್ತು ಬೇರೆಡೆ ಕೂಡಿಸುವುದು ವಾಡಿಕೆ. ಅಬಿಟ್ ಸಂಸ್ಥೆಯ ಬಿಎಚ್ ೬ ಎಂಬ ಬೋರ್ಡಿನಲ್ಲಾದರೋ ಪರದೆಯ ಮೇಲೆ ಅಕ್ಷರಗಳನ್ನು ಆರಿಸಿಯೇ ಈ ಕೆಲಸವನ್ನು ಮಾಡಬಹುದಾಗಿದ್ದಿತು.

ಆ ಕಾಲದ ಲಾಭವು ನೂರಕ್ಕೆ ಐವತ್ತರಷ್ಟು. ಅಂಥ ಲಾಭವು ಈಗಿಲ್ಲ. ಈಗಿನ ಪ್ರೊಸೆಸರುಗಳು ತಮ್ಮ ಶಾಖವನ್ನೂ ಕೆಲಸದ ಹೊರೆಯನ್ನೂ ತಾವೇ ಅಳೆದುಕೊಂಡು, ಅವಕಾಶವಿದ್ದಾಗ ತಾವೇ ವೇಗವನ್ನು ಏರಿಸಿಕೊಳ್ಳುತ್ತವೆ. ಹಿಂದೆ ಹವ್ಯಾಸಿಗಳು ಹುಡುಕಿ ತೆಗೆಯುತ್ತಿದ್ದ ಮೀಸಲಿನಲ್ಲಿ ಬಹುಭಾಗವನ್ನು ತಯಾರಕರೇ ಉಪಯೋಗಿಸಿ ಮಾರುತ್ತಾರೆ. ಉಳಿದಿರುವುದು ಸ್ವಲ್ಪ. ಆ ಸ್ವಲ್ಪಕ್ಕೆ ತೆರಬೇಕಾದ ಬೆಲೆಯನ್ನು ಈಗ ಲೆಕ್ಕಹಾಕಿ ನೋಡೋಣ.

ಶಾಖದ ಲೆಕ್ಕ

ಸ್ವಿಚ್ಚುಗಳ ಚಲನೆಗೆ ಬೇಕಾಗುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ, ಒತ್ತಡದ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ೪.೫ ಗಿಗಾಹರ್ಟ್ಸ್ ವೇಗದಲ್ಲಿ ೧.೨೦ ವೋಲ್ಟಿನಿಂದ ನಡೆಯುವ ಪ್ರೊಸೆಸರೊಂದನ್ನು ೪.೮ಕ್ಕೆ ಏರಿಸಲು ೧.೩೦ ವೋಲ್ಟು ಬೇಕಾಯಿತೆಂದು ಇಟ್ಟುಕೊಳ್ಳಿರಿ. ವೇಗವು ಹೆಚ್ಚಿದ್ದು ನೂರಕ್ಕೆ ೭ಕ್ಕಿಂತ ಕಡಿಮೆ. ಒತ್ತಡದ ವರ್ಗವು ಹೆಚ್ಚಿದ್ದು ನೂರಕ್ಕೆ ೧೭. ಎರಡೂ ಕೂಡಿ ಶಾಖವು ನೂರಕ್ಕೆ ೨೫ರಷ್ಟು ಹೆಚ್ಚುವುದು. ಮೊದಲು ೧೨೫ ವ್ಯಾಟ್ ನುಂಗುತ್ತಿದ್ದ ಬಿಲ್ಲೆಯು ಈಗ ಸುಮಾರು ೧೫೬ ವ್ಯಾಟ್ ನುಂಗುವುದು. ಇದರಿಂದ ಬಂದ ಪ್ರಯೋಜನವೋ, ೩೦ ನಿಮಿಷಗಳ ಲೆಕ್ಕವು ೨೮ ನಿಮಿಷಗಳಲ್ಲಿ ಮುಗಿಯುವುದು!

ಚಲನಚಿತ್ರಗಳನ್ನು ಸಂಕಲನ ಮಾಡುವವರಿಗೆ, ದಿನವೆಲ್ಲ ದೊಡ್ಡ ಲೆಕ್ಕಗಳನ್ನು ಮಾಡಿಸುವವರಿಗೆ, ಆಟಗಳಲ್ಲಿ ಆಸಕ್ತಿಯುಳ್ಳವರಿಗೆ ಈ ಎರಡು ನಿಮಿಷಗಳಿಗೆ ಬೆಲೆಯುಂಟು. ಪತ್ರ ಬರೆಯುವುದಕ್ಕೂ ಪಾಠ ಕೇಳುವುದಕ್ಕೂ ಯಂತ್ರವನ್ನು ಬಳಸುವ ಮನೆಗೆ ಇದರಿಂದ ವಿದ್ಯುತ್ತಿನ ಬಿಲ್ಲು ಹೆಚ್ಚುವುದೇ ಹೊರತು ಬೇರೆ ಫಲ ಕಾಣದು.

ಮೊದಲಿನ ಸಿದ್ಧತೆ

ಇಷ್ಟನ್ನು ತಿಳಿದ ಮೇಲೂ ಪ್ರಯೋಗಮಾಡಬೇಕೆಂಬ ಕುತೂಹಲವುಳ್ಳವರು ಕ್ರಮವನ್ನು ಬಿಡಬಾರದು. ಮೊದಲು ತಮ್ಮ ಯಂತ್ರವು ಈ ಕೆಲಸಕ್ಕೆ ಒಪ್ಪುವುದೋ ಇಲ್ಲವೋ ನೋಡಿಕೊಳ್ಳತಕ್ಕದ್ದು. ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಎಂಬ ಅಕ್ಷರವುಳ್ಳವುಗಳಿಗೆ ಮಾತ್ರ ಗುಣಕದ ಬೀಗ ತೆರೆದಿರುವುದು. ಅವಕ್ಕೆ ‘ಝಡ್’ ಶ್ರೇಣಿಯ ಚಿಪ್‌ಸೆಟ್ಟುಳ್ಳ ಮದರ್‌ಬೋರ್ಡು ಬೇಕು. ಎಎಂಡಿ ಸಂಸ್ಥೆಯ ರೈಜನ್ ಪ್ರೊಸೆಸರುಗಳಲ್ಲಿ ಹೆಚ್ಚಿನವು ತೆರೆದಿರುತ್ತವೆ. ಆದರೆ ‘ಎ’ ಶ್ರೇಣಿಯ ಅಗ್ಗದ ಬೋರ್ಡುಗಳು ಇದಕ್ಕೆ ಅವಕಾಶ ಕೊಡುವುದಿಲ್ಲ. ತೊಡೆಯ ಮೇಲಿಟ್ಟುಕೊಳ್ಳುವ ಲ್ಯಾಪ್‌ಟಾಪಿನಲ್ಲಿ ಶಾಖವು ಹೊರಹೋಗಲು ಸ್ಥಳವೇ ಇಲ್ಲದ ಕಾರಣ ಅದರ ಗೊಡವೆ ಬೇಡ. ಹೆಚ್ಚಿನ ವೇಗದಿಂದ ಹಾಳಾದ ಪ್ರೊಸೆಸರಿಗೆ ತಯಾರಕರ ವಾರಂಟಿಯು ದೊರೆಯದಿರಬಹುದು. ಆ ಕಾಗದವನ್ನು ಓದಿಯೇ ಮುಂದುವರಿಯಬೇಕು.

ಎರಡನೆಯದಾಗಿ, ಮನೆಯ ಕಡತಗಳೆಲ್ಲವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಪ್ರತಿಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಇದನ್ನು ಮಾಡದವರು ಮುಂದಿನ ಸಾಲುಗಳನ್ನು ಓದಿದರೂ ಆಚರಿಸಕೂಡದೆಂದು ನಮ್ಮ ಪ್ರಾರ್ಥನೆ.

ಮೂರನೆಯದು ತಂಪು. ಪ್ರೊಸೆಸರಿನ ಮೇಲಿರುವ ಲೋಹದ ಹೀಟ್‌ಸಿಂಕು ದೊಡ್ಡದಾಗಿರಬೇಕು. ಅದರ ಫ್ಯಾನಿನಲ್ಲಿ ಧೂಳು ಕಟ್ಟಿರಬಾರದು. ಎರಡರ ನಡುವಣ ಥರ್ಮಲ್ ಪೇಸ್ಟು ಒಣಗಿದ್ದರೆ ಹೊಸದನ್ನು ಹಚ್ಚಬೇಕು. ಗಾಳಿಯಿಂದ ತಣಿಯುವ ಯಾವ ಯಂತ್ರವೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಮೈಸೂರಿನ ಮಾಗಿಯ ಇರುಳಿನಲ್ಲಿ ಒಪ್ಪಿದ ವೇಗವು, ಉಷ್ಣತೆಯು ೪೦ ಡಿಗ್ರಿಯನ್ನು ದಾಟುವ ರಾಯಚೂರಿನ ಬೇಸಗೆಯ ಮಧ್ಯಾಹ್ನದಲ್ಲಿ ಒಪ್ಪದೆ ಹೋಗಬಹುದು. ಕೋಣೆಯ ಕಾವು ೧೫ ಡಿಗ್ರಿ ಏರಿದರೆ ಬಿಲ್ಲೆಯ ಕಾವೂ ಹೆಚ್ಚುಕಡಿಮೆ ಅಷ್ಟೇ ಏರುವುದು. ಆದುದರಿಂದ ವೇಗವನ್ನು ಬೇಸಗೆಗೆ ತಕ್ಕಂತೆ ಗೊತ್ತುಮಾಡಬೇಕಲ್ಲದೆ ಚಳಿಗಾಲಕ್ಕೆ ತಕ್ಕಂತೆ ಅಲ್ಲ.

ನಾಲ್ಕನೆಯದು, ಪವರ್ ಸಪ್ಲೈ. ಇದು ಒಳ್ಳೆಯ ದರ್ಜೆಯದಾಗಿ, ಬೇಕಾದುದಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದಾಗಿರಬೇಕು. ವಿದ್ಯುತ್ತು ಆಗಾಗ ಹೋಗುವ ಊರಿನಲ್ಲಿ ಯುಪಿಎಸ್ ಇದ್ದರೆ ಲೇಸು. ಮದರ್‌ಬೋರ್ಡಿನ ಬಯಾಸನ್ನು ನವೀಕರಿಸುವ ನಡುವೆ ವಿದ್ಯುತ್ತು ನಿಂತುಹೋದರೆ ಬೋರ್ಡೇ ಏಳದಿರಬಹುದು.

ಏರಿಸುವ ಕ್ರಮ

ಇನ್ನು ಕೆಲಸಕ್ಕೆ ಬರೋಣ. ಯಂತ್ರವನ್ನು ಹೊತ್ತಿಸಿದೊಡನೆ ಡಿಲೀಟ್ ಅಥವಾ ಎಫ್ ೨ ಎಂಬ ಕೀಲಿಯನ್ನು ಒತ್ತುತ್ತಿದ್ದರೆ ಬಯಾಸಿನ ಪರದೆಯು ತೆರೆಯುವುದು. ಯುಇಎಫ್‌ಐ ಎಂಬ ಹೊಸ ಹೆಸರು ಬಂದಿದ್ದರೂ ಹಳೆಯ ಹೆಸರೇ ರೂಢಿಯಲ್ಲಿದೆ. ಕೈಹಾಕುವ ಮೊದಲು ಇದ್ದ ಅಂಕಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸಾಮಾನ್ಯ ವೇಗದಲ್ಲಿ, ಪೂರ್ಣ ಹೊರೆಯಿರುವಾಗ, ಒತ್ತಡವೆಷ್ಟು, ಶಾಖವೆಷ್ಟು ಎಂಬುದನ್ನೂ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಿಂದ ಅಳೆದು ಬರೆಯಬೇಕು. ಈ ಪುಸ್ತಕವಿಲ್ಲದೆ ಮಾಡುವ ಓವರ್‌ಕ್ಲಾಕಿಂಗು ಕತ್ತಲೆಯಲ್ಲಿ ಬಾವಿಕಟ್ಟೆಯ ಮೇಲೆ ನಡೆದಂತೆ.

ಮೂಲತಾಳವನ್ನು ೧೦೦ರಲ್ಲಿಯೇ ಬಿಡಿರಿ. ಅನೇಕ ಬೋರ್ಡುಗಳಲ್ಲಿ ಅದರೊಡನೆ ಇತರ ಅಂಗಗಳ ತಾಳವೂ ಏರಿ ತೊಂದರೆಯಾಗುವುದು. ಬದಲಿಸತಕ್ಕದ್ದು ಗುಣಕವನ್ನು. ವೋಲ್ಟೇಜಿನ ಮುಂದೆ ‘ಆಟೊ’ ಎಂದಿದ್ದರೆ, ಗುಣಕವನ್ನು ಏರಿಸಿದಾಗ ಬೋರ್ಡು ತಾನಾಗಿಯೇ ಬೇಕಾದುದಕ್ಕಿಂತ ಹೆಚ್ಚು ಒತ್ತಡವನ್ನು ಕೊಡುವುದುಂಟು. ಆದುದರಿಂದ ಮೊದಲು ಅಳೆದು ಬರೆದುಕೊಂಡ ಅಂಕಿಯನ್ನೇ ಅಲ್ಲಿ ನಮೂದಿಸಬೇಕು. ಅನಂತರ ಗುಣಕವನ್ನು ಒಂದೇ ಒಂದು ಮೆಟ್ಟಿಲು, ಎಂದರೆ ೪೫ರಿಂದ ೪೬ಕ್ಕೆ, ಏರಿಸಿ, ಉಳಿಸಿ, ಯಂತ್ರವನ್ನು ಮತ್ತೆ ಹೊತ್ತಿಸಿ ಹತ್ತು ಹದಿನೈದು ನಿಮಿಷ ಕಠಿನವಾದ ಲೆಕ್ಕವನ್ನು ಮಾಡಿಸಿ ನೋಡಬೇಕು. ನಿಂತರೆ, ಪುಸ್ತಕದಲ್ಲಿ ಬರೆದು ಮತ್ತೊಂದು ಮೆಟ್ಟಿಲು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮೀರಕೂಡದು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಕೆಟ್ಟಿತೆಂಬುದು ತಿಳಿಯದು.

ಯಂತ್ರವು ಸ್ತಬ್ಧವಾದರೆ, ತಾನಾಗಿ ಮತ್ತೆ ಹೊತ್ತಿಕೊಂಡರೆ, ಅಥವಾ ನೀಲಿ ಪರದೆಯು ಕಂಡರೆ ಉಸಿರು ಸಾಲದೆಂದು ತಿಳಿಯಬೇಕು. ಆಗ ಒಂದು ಮೆಟ್ಟಿಲು ಇಳಿಯಬಹುದು; ಇಲ್ಲವೆ ಒತ್ತಡವನ್ನು ೦.೦೧ ಅಥವಾ ೦.೦೨ ವೋಲ್ಟಿನಷ್ಟು ಮಾತ್ರ ಏರಿಸಬಹುದು. ಎಷ್ಟು ವೋಲ್ಟಿನವರೆಗೆ ಕ್ಷೇಮವೆಂಬುದಕ್ಕೆ ಎಲ್ಲ ಪ್ರೊಸೆಸರುಗಳಿಗೂ ಸಲ್ಲುವ ಒಂದೇ ಅಂಕಿಯಿಲ್ಲ. ಪ್ರತಿಯೊಂದು ತಲೆಮಾರಿಗೂ ಬೇರೆಬೇರೆ. ಮಿತ್ರನ ಯಂತ್ರಕ್ಕೆ ಒಪ್ಪಿದ ಅಂಕಿಯು ನಮ್ಮದಕ್ಕೆ ಒಪ್ಪಬೇಕೆಂದಿಲ್ಲ. ಶಾಖದ ವಿಷಯದಲ್ಲಿ, ಇಂಟೆಲಿನ ಅನೇಕ ಬಿಲ್ಲೆಗಳು ೧೦೦ ಡಿಗ್ರಿಯಲ್ಲಿ, ರೈಜನ್ ೭೦೦೦ ಶ್ರೇಣಿಯಲ್ಲಿ ಹೆಚ್ಚಿನವು ೯೫ರಲ್ಲಿ ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆ ಗಡಿಯನ್ನು ಮುಟ್ಟುವವರೆಗೆ ಕಾಯದೆ, ಕಠಿನವಾದ ಪರೀಕ್ಷೆಯಲ್ಲಿ ೮೫ನ್ನು ದಾಟದಂತೆ ನಿಲ್ಲಿಸುವುದು ಮನೆಯ ಯಂತ್ರಕ್ಕೆ ತಕ್ಕುದು.

ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಮತ್ತೊಂದು ಹೆಸರು ಅಲ್ಲಿ ಕಾಣುವುದು. ಹೊರೆ ಬಿದ್ದಾಗ ಒತ್ತಡವು ಕೊಂಚ ಕುಸಿಯುವುದು ಸಹಜ. ಆ ಕುಸಿತವನ್ನು ಇದು ತುಂಬಿಕೊಡುತ್ತದೆ. ಅತಿಯಾಗಿ ತುಂಬಿಸಿದರೆ, ಹೊರೆ ಇಳಿದ ಕ್ಷಣದಲ್ಲಿ ಒತ್ತಡವು ಮೇಲಕ್ಕೆ ಚಿಮ್ಮುವುದು. ಆದುದರಿಂದ ಇದನ್ನು ನಡುಮಟ್ಟದಲ್ಲಿಡುವುದು ಒಳ್ಳೆಯದು. ಸ್ಮೃತಿಯ ವೇಗವನ್ನು ಹೆಚ್ಚಿಸುವ ಎಕ್ಸ್‌ಎಂಪಿ, ಎಕ್ಸ್‌ಪೊ ಎಂಬ ಆಯ್ಕೆಗಳನ್ನು ಪ್ರೊಸೆಸರಿನ ಪರೀಕ್ಷೆಯು ಮುಗಿದ ಮೇಲೆ ಪ್ರತ್ಯೇಕವಾಗಿ ನೋಡತಕ್ಕದ್ದು. ರೈಜನ್ ಉಳ್ಳವರಿಗೆ ಇನ್ನೊಂದು ಮಾತು: ಎಲ್ಲ ಕೋರುಗಳಿಗೂ ಒಂದೇ ಗುಣಕವನ್ನು ಕಟ್ಟಿದರೆ, ಒಂಟಿ ಕೋರು ತಾನಾಗಿ ಮುಟ್ಟುತ್ತಿದ್ದ ಉಚ್ಚವೇಗವು ತಪ್ಪಿಹೋಗಬಹುದು. ಅಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ಆಯ್ಕೆಯೇ ಸಾಮಾನ್ಯವಾಗಿ ಮೇಲು.

ಪರೀಕ್ಷೆ

ಯಂತ್ರವು ಹೊತ್ತಿಕೊಂಡಿತು, ಪರದೆಯು ಕಂಡಿತು, ಇನ್ನೇನು ಗೆದ್ದೆವು ಎಂದು ಅನೇಕರು ತಿಳಿಯುವರು. ನಿಜವಾದ ಅಪಾಯವಿರುವುದು ಇಲ್ಲಿಯೇ. ನುಂಗಿಹೋದ ಒಂದು ಸ್ವರವು ಸಭಿಕರಲ್ಲಿ ಎಲ್ಲರಿಗೂ ಕೇಳಿಸದು. ಹಾಗೆಯೇ ಕೋಟಿಗೊಂದು ತಪ್ಪಿದ ಲೆಕ್ಕವು ಪರದೆಯ ಮೇಲೆ ಕಾಣದು. ಆದರೆ ಆ ತಪ್ಪು ಒಂದು ಚಿತ್ರದ ಕಡತದೊಳಗೆ, ಒಂದು ವರ್ಷದ ಜಮಾಖರ್ಚಿನೊಳಗೆ ಸೇರಿಕೊಂಡು ತಿಂಗಳುಗಳ ಮೇಲೆ ಹೊರಬೀಳಬಹುದು.

ಇದಕ್ಕಾಗಿ ಬಳಕೆಯಲ್ಲಿರುವ ಒಂದು ಸಾಧನದ ಕಥೆಯು ಸ್ವಾರಸ್ಯವಾಗಿದೆ. ಎರಡರ ಘಾತದಿಂದ ಒಂದನ್ನು ಕಳೆದರೆ ದೊರೆಯುವ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಇವನ್ನು ಹುಡುಕುವುದಕ್ಕಾಗಿ ಜಾರ್ಜ್ ವೋಲ್ಟ್‌ಮನ್ ಎಂಬವರು ೧೯೯೬ರಲ್ಲಿ ಗಿಂಪ್ಸ್ ಎಂಬ ಸಹಕಾರೀ ಯೋಜನೆಯನ್ನು ಆರಂಭಿಸಿದರು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ತಪ್ಪಾದರೂ ಶ್ರಮವೆಲ್ಲ ವ್ಯರ್ಥ. ಆದುದರಿಂದ ಅವರ ಪ್ರೈಮ್ ೯೫ ಎಂಬ ತಂತ್ರಾಂಶದಲ್ಲಿ, ಉತ್ತರವು ಮೊದಲೇ ತಿಳಿದಿರುವ ಲೆಕ್ಕಗಳನ್ನು ಯಂತ್ರದಿಂದ ಮಾಡಿಸಿ ಸರಿನೋಡುವ ಪರೀಕ್ಷೆಯೊಂದಿದೆ. ಗಣಿತಜ್ಞರ ಈ ಸಾಧನವೇ ಓವರ್‌ಕ್ಲಾಕಿಂಗ್ ಮಾಡುವವರ ಒರೆಗಲ್ಲಾಯಿತು. ಇದನ್ನು ಹಲವು ಗಂಟೆ, ಸಾಧ್ಯವಾದರೆ ಒಂದು ಇಡೀ ರಾತ್ರಿ, ನಡೆಯಿಸಬೇಕು. ಸ್ಮೃತಿಯನ್ನು ಮೆಮ್‌ಟೆಸ್ಟ್ ೮೬ ಎಂಬುದರಿಂದ ಬೇರೆಯಾಗಿ ಪರೀಕ್ಷಿಸಬೇಕು. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಹಾರ್ಡ್‌ವೇರಿನ ದೋಷವೆಂದು ದಾಖಲಾಗಿದೆಯೇ ಎಂದೂ ನೋಡಬೇಕು. ಎಲ್ಲವೂ ಸರಿಯಾದ ಮೇಲೆ, ದೊರೆತ ಉಚ್ಚವೇಗದಿಂದ ಒಂದು ಮೆಟ್ಟಿಲು ಇಳಿದು ಅಲ್ಲಿ ನೆಲೆನಿಲ್ಲಬೇಕು. ತಯಾರಕರು ಉಳಿಸಿದ್ದ ಮೀಸಲನ್ನು ತೆಗೆದುಕೊಂಡವನು ತಾನೂ ಕೊಂಚ ಮೀಸಲನ್ನು ಉಳಿಸುವುದು ನ್ಯಾಯವಲ್ಲವೆ?

ಈಚಿನ ಎರಡು ಪಾಠಗಳು

ಒತ್ತಡದ ವಿಷಯದಲ್ಲಿ ಬಲ್ಲವರೂ ಎಡವಿರುವುದುಂಟು. ೨೦೨೩ರಲ್ಲಿ ಎಎಂಡಿಯ ರೈಜನ್ ೭೦೦೦ ಎಕ್ಸ್ ೩ಡಿ ಶ್ರೇಣಿಯ ಕೆಲವು ಪ್ರೊಸೆಸರುಗಳು ತಾವು ಕೂತ ಸಾಕೆಟ್ಟಿನಲ್ಲಿಯೇ ಉಬ್ಬಿ ಸುಟ್ಟುಹೋದುವು. ಸ್ಮೃತಿಯನ್ನು ವೇಗಗೊಳಿಸುವ ಆಯ್ಕೆಯನ್ನು ಒತ್ತಿದಾಗ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಮಿತಿಮೀರಿದ ಒತ್ತಡವನ್ನು ಕೊಡುತ್ತಿದ್ದುವು. ಆ ಒತ್ತಡವು ೧.೩ ವೋಲ್ಟನ್ನು ಮೀರದಂತೆ ಹೊಸ ಬಯಾಸುಗಳನ್ನು ಹೊರಡಿಸಬೇಕಾಯಿತು. ೨೦೨೪ರಲ್ಲಿ ಇಂಟೆಲಿನ ೧೩ನೆಯ ಮತ್ತು ೧೪ನೆಯ ತಲೆಮಾರಿನ ಮೇಜಿನ ಪ್ರೊಸೆಸರುಗಳು ಕೆಲವು ಕಾಲದ ಬಳಕೆಯ ಮೇಲೆ ಅಸ್ಥಿರವಾಗುವುದು ಬೆಳಕಿಗೆ ಬಂದಿತು. ಪ್ರೊಸೆಸರು ತಾನೇ ಅಗತ್ಯಕ್ಕಿಂತ ಹೆಚ್ಚು ಒತ್ತಡವನ್ನು ಕೇಳುತ್ತಿದ್ದುದು ಕಾರಣಗಳಲ್ಲೊಂದೆಂದು ಸಂಸ್ಥೆಯವರು ಒಪ್ಪಿ, ಬಯಾಸಿನ ಮೂಲಕ ತಿದ್ದುಪಡಿಯನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಅದಾಗಲೇ ಸವೆದ ಬಿಲ್ಲೆಗಳನ್ನು ಆ ತಿದ್ದುಪಡಿಯು ಮೊದಲಿನಂತೆ ಮಾಡಲಾರದು.

ಹೆಚ್ಚಿನ ಒತ್ತಡದಿಂದಾಗುವ ಸವೆತವು ಆ ದಿನವೇ ತೋರದೆ, ಹುಳು ಹಿಡಿದ ತೊಲೆಯಂತೆ ತಡವಾಗಿ ತೋರುವುದೆಂಬುದನ್ನು ಇವುಗಳಿಂದ ಕಲಿಯಬೇಕು. ಈ ಪ್ರೊಸೆಸರುಗಳುಳ್ಳವರು ವೇಗವನ್ನು ಏರಿಸುವ ಮಾತಿಗಿಂತ ಮೊದಲು, ಮದರ್‌ಬೋರ್ಡಿನ ಹೊಸ ಬಯಾಸನ್ನು ಹಾಕಿಸಿಕೊಳ್ಳುವುದು ಅವಶ್ಯಕ.

೨೦೨೨ರಲ್ಲಿ ನಿಪುಣರು ದ್ರವಹೀಲಿಯಮ್ಮನ್ನು ಸುರಿದು ಪ್ರೊಸೆಸರೊಂದನ್ನು ೯ ಗಿಗಾಹರ್ಟ್ಸಿನ ಆಚೆಗೆ ದಾಟಿಸಿದರು. ಹೀಲಿಯಮ್ಮು ಕುದಿಯುವುದೇ ಸೊನ್ನೆಗಿಂತ ೨೬೯ ಡಿಗ್ರಿ ಕೆಳಗೆ. ಅದು ಮಲ್ಲಗಂಬದ ಸಾಹಸದಂತೆ ಕಂಡು ಮೆಚ್ಚತಕ್ಕದ್ದೇ ಹೊರತು ಮನೆಯ ಯಂತ್ರಕ್ಕೆ ಅನುಕರಣೀಯವಲ್ಲ.

ಹಿಂದಕ್ಕೆ ಬರುವ ದಾರಿ

ಏರುವವನು ಇಳಿಯುವ ಮೆಟ್ಟಿಲನ್ನೂ ನೋಡಿಕೊಂಡಿರಬೇಕು. ತಪ್ಪು ಅಂಕಿಯಿಂದ ಯಂತ್ರವು ಏಳದೆ ಹೋದರೆ ಗಾಬರಿಯಾಗಬೇಕಾದುದಿಲ್ಲ. ಅನೇಕ ಬೋರ್ಡುಗಳು ಎರಡು ಮೂರು ಸಲ ಯತ್ನಿಸಿ, ಆಗದಿದ್ದರೆ ಹಳೆಯ ಅಂಕಿಗಳಿಗೆ ತಾವೇ ಮರಳುತ್ತವೆ. ಹಾಗಾಗದಿದ್ದರೆ ಗೋಡೆಯ ಪ್ಲಗ್ಗನ್ನು ಕಿತ್ತು, ಬೋರ್ಡಿನ ಕೈಪಿಡಿಯಲ್ಲಿ ತೋರಿಸಿರುವ ಕ್ಲಿಯರ್ ಸಿಮಾಸ್ ಎಂಬ ಎರಡು ಪಿನ್ನುಗಳನ್ನು ಕೂಡಿಸಬೇಕು. ಇಲ್ಲವೆ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಕೂಡಿಸಬೇಕು. ಬಯಾಸು ಕಾರ್ಖಾನೆಯ ಅಂಕಿಗಳಿಗೆ ಹಿಂದಿರುಗುವುದು.

ಕಡೆಯದಾಗಿ, ವೇಗವನ್ನು ಏರಿಸದೆಯೇ ಈ ವಿದ್ಯೆಯನ್ನು ಉಪಯೋಗಿಸಿಕೊಳ್ಳುವ ಮಾರ್ಗವೊಂದುಂಟು. ವೇಗವು ಇದ್ದಂತೆಯೇ ಇರಲಿ. ಒತ್ತಡವನ್ನು ಮೆಲ್ಲಮೆಲ್ಲನೆ ಇಳಿಸುತ್ತ, ಮೇಲೆ ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸುತ್ತ ಹೋಗುವುದು. ಇದಕ್ಕೆ ಅಂಡರ್‌ವೋಲ್ಟಿಂಗ್ ಎಂದು ಹೆಸರು. ಬಲಿಷ್ಠವಾದ ಬಿಲ್ಲೆಯು ಕಡಿಮೆ ಉಸಿರಿನಿಂದಲೇ ಅದೇ ತಾಳವನ್ನು ಹಿಡಿಯುವುದು. ಆಗ ಶಾಖವು ತಗ್ಗಿ, ಫ್ಯಾನಿನ ಸದ್ದು ಅಡಗಿ, ವಿದ್ಯುತ್ತು ಉಳಿಯುವುದು. ಶಾಖವು ತಗ್ಗಿದುದರಿಂದಲೇ, ತಾವೇ ವೇಗವನ್ನು ಏರಿಸಿಕೊಳ್ಳುವ ಈಗಿನ ಪ್ರೊಸೆಸರುಗಳು ಆ ವೇಗವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುವುದೂ ಉಂಟು. ನಮ್ಮ ನಾಡಿನ ಬೇಸಗೆಯಲ್ಲಿ ಸಾಮಾನ್ಯ ಗೃಹಸ್ಥರಿಗೆ ಇದೇ ಹೆಚ್ಚು ಹಿತಕರವೆಂದು ನಮ್ಮ ಅಭಿಪ್ರಾಯ.

ಮನೆಯ ಹುಡುಗನೋ ಹುಡುಗಿಯೋ ಈ ಪ್ರಯೋಗಕ್ಕೆ ಅನುಮತಿ ಬೇಡಿದರೆ ಹಿರಿಯರು ಒಮ್ಮೆಗೇ ಗದರಿಸದಿರಲಿ. ಕಡತಗಳ ಪ್ರತಿಯನ್ನು ಮಾಡಿ ಬೀರುವಿನಲ್ಲಿಟ್ಟಿದೆಯೇ, ಅಂಕಿಗಳನ್ನು ಬರೆಯುವ ಪುಸ್ತಕವೆಲ್ಲಿದೆ ಎಂದು ಕೇಳಲಿ. ಎರಡಕ್ಕೂ ಸರಿಯಾದ ಉತ್ತರ ಬಂದರೆ ಆ ಮಕ್ಕಳಿಗೆ ಒಂದು ಒಳ್ಳೆಯ ಫ್ಯಾನನ್ನು ಕೊಡಿಸಿ, ರಾತ್ರಿಯ ಪರೀಕ್ಷೆಯ ಫಲವನ್ನು ಬೆಳಗ್ಗೆ ತಾವೂ ಕೂತು ಓದಲಿ.